ಪ್ಲಗಿನ್ ಅಂದರೆ ಹೊರಗಿನ ಇನ್ನೊಂದು ಪ್ರೋಗ್ರಾಮೋ, ನಮ್ಮ ಪ್ರೋಗ್ರಾಮಿನೊಳಗೆ ಬಂದು ಕೂರುವ ಮಾಡ್ಯೂಲೋ?

ಅರಳಿಕಟ್ಟೆ
ಪೈಥಾನ್‌ನಲ್ಲಿ ಬರೆದ ‘ಕಣಜ’ ಅನ್ನುವ ಕಮಾಂಡ್‌ಲೈನ್ ಟೂಲ್ ಇದೆ. ಸಿಎಸ್‌ವಿ ಫೈಲ್ ಓದಿ, ಸಾಲುಗಳನ್ನು ಸರಿಪಡಿಸಿ, ಡೇಟಾಬೇಸಿಗೆ ತುಂಬುತ್ತೆ. ಈಗ ಬೇರೆ ತಂಡದವರು ಮುಖ್ಯ ಕೋಡ್ ಮುಟ್ಟದೆ ತಮ್ಮದೇ ಸಬ್‌ಕಮಾಂಡ್ ಸೇರಿಸಬೇಕು. ಗಿಟ್ ಮಾಡುವ ಹಾಗೆ ಹೊರಗಿನ ಪ್ರೋಗ್ರಾಮ್ ಓಡಿಸಬಹುದು, ಟೆಸ್ಟ್ ಓಡಿಸುವ ಪೈಟೆಸ್ಟ್ ಮಾಡುವ ಹಾಗೆ ಎಂಟ್ರಿ ಪಾಯಿಂಟ್ (ತನ್ನಲ್ಲಿ ಯಾವ ಪ್ಲಗಿನ್ ಇದೆ ಅಂತ ಪ್ಯಾಕೇಜು ಹೇಳುವ ನಮೂದು) ಮೂಲಕ ಮಾಡ್ಯೂಲ್ ಒಳಗೆ ತರಬಹುದು. ನನ್ನ ಒಲವು ಎರಡನೆಯದಕ್ಕೆ. ಕಾನ್ಫಿಗ್, ಲಾಗರ್, ಡೇಟಾಬೇಸ್ ಕನೆಕ್ಷನ್ ಎಲ್ಲವೂ ಪ್ಲಗಿನ್ ಕೈಗೆ ನೇರವಾಗಿ ಸಿಗುತ್ತವೆ. ಬಳಸಿ ಬಲ್ಲವರು ಏನಂತೀರಿ?

ಮಲೆನಾಡಿಗ
ನಾನು ಮೊದಲನೆಯದರ ಪರ. ಪಾತ್‌ನಲ್ಲಿ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ‘ಗಿಟ್-ತೂಕ’ ಅನ್ನುವ ಎಕ್ಸಿಕ್ಯೂಟಬಲ್ ಇದ್ದರೆ ಸಾಕು, ‘ಗಿಟ್ ತೂಕ’ ಕೆಲಸ ಮಾಡುತ್ತೆ. ರಸ್ಟ್ ಭಾಷೆಯ ಕಾರ್ಗೋ, ಕುಬರ್ನೆಟೀಸ್‌ನ ಕುಬ್‌ಸಿಟಿಎಲ್ ಎರಡೂ ಇದೇ ಹಾದಿ ಹಿಡಿದಿವೆ. ಪ್ಲಗಿನ್ ಬರೆಯುವವರು ಪೈಥಾನ್ ಕಲಿಯಬೇಕಿಲ್ಲ, ಶೆಲ್ ಸ್ಕ್ರಿಪ್ಟ್ ಆದರೂ ನಡೆಯುತ್ತೆ. ಪ್ಲಗಿನ್ ಕುಸಿದು ಬಿದ್ದರೂ ಕಣಜಕ್ಕೆ ಏನೂ ಆಗಲ್ಲ. ನಿಮ್ಮ ಕಡೆ ಬೇಕಾಗೋದು ಹೆಚ್ಚೆಂದರೆ 20 ಸಾಲು ಕೋಡ್: ಮೊದಲ ಪದ ನಮ್ಮದೇ ಕಮಾಂಡ್ ಅಲ್ಲದಿದ್ದರೆ ‘ಕಣಜ-’ ಸೇರಿಸಿ ಹುಡುಕಿ, ಸಿಕ್ಕರೆ ಎಕ್ಸೆಕ್ ಮಾಡಿ. ಎಕ್ಸೆಕ್ ಆದ ಮೇಲೆ ಆ ಪ್ರೋಸೆಸ್ಸಿನ ಜಾಗದಲ್ಲಿ ಪ್ಲಗಿನ್ನೇ ಇರುತ್ತೆ. ಎಕ್ಸಿಟ್ ಕೋಡ್ (ಪ್ರೋಗ್ರಾಮ್ ಮುಗಿಯುವಾಗ ಕೊಡುವ ಸಂಖ್ಯೆ), ಕಂಟ್ರೋಲ್-ಸಿ ಎಲ್ಲವೂ ಮಧ್ಯವರ್ತಿ ಇಲ್ಲದೆ ತಲುಪುತ್ತವೆ.

ಕಡಲತೀರ
ಮಲೆನಾಡಿಗರೇ, ಆ 20 ಸಾಲು ಲಿನಕ್ಸ್‌ನಲ್ಲಿ ಮಾತ್ರ 20 ಸಾಲು. ವಿಂಡೋಸ್‌ನಲ್ಲಿ ಪೈಥಾನಿನ ಎಕ್ಸೆಕ್ ಕರೆದರೆ ಹೊಸ ಪ್ರೋಸೆಸ್ ಶುರುವಾಗಿ ಹಳೆಯದು ಅಲ್ಲೇ ಮುಗಿಯುತ್ತೆ. ಪ್ಲಗಿನ್ ಇನ್ನೂ ಓಡುತ್ತಿರುವಾಗಲೇ ಶೆಲ್ ಪ್ರಾಂಪ್ಟ್ ವಾಪಸ್ ಬರುತ್ತೆ, ಎಕ್ಸಿಟ್ ಕೋಡ್ ಕಳೆದುಹೋಗುತ್ತೆ. ಅಲ್ಲಿ ಸಬ್‌ಪ್ರೋಸೆಸ್ ಬಳಸಿ ಮುಗಿಯೋತನಕ ಕಾಯಲೇಬೇಕು. ಲಿನಕ್ಸ್‌ನಲ್ಲೂ ಸಬ್‌ಪ್ರೋಸೆಸ್ಸೇ ಬಳಸುತ್ತೀರಾದರೆ ಸಿಗ್ನಲ್‌ನಿಂದ ಸತ್ತ ಪ್ಲಗಿನ್ನಿಗೆ ಪೈಥಾನ್ ಋಣಸಂಖ್ಯೆ ಕೊಡುತ್ತೆ, ಸಿಗ್-ಇಂಟ್ (ಕಂಟ್ರೋಲ್-ಸಿ ಕಳಿಸುವ ಸಿಗ್ನಲ್) ಆದರೆ −2. ಅದನ್ನೇ ಎಕ್ಸಿಟ್‌ಗೆ ಕೊಟ್ಟರೆ ಶೆಲ್‌ಗೆ 254 ಕಾಣುತ್ತೆ. ಶೆಲ್ ಲೋಕದ ರೂಢಿ 128 + 2, ಅಂದರೆ 130. ನೀವೇ ಬದಲಿಸಿ ಕೊಡಬೇಕು.

ಇದಕ್ಕಿಂತ ದೊಡ್ಡ ತಲೆನೋವು ಫ್ಲಾಗ್‌ಗಳದ್ದು. ‘ಕಣಜ --ಪ್ರೊಫೈಲ್ ಪರೀಕ್ಷೆ ತೂಕ’ ಅಂತ ಹೊಡೆದರೆ ‘ಪರೀಕ್ಷೆ’ ಅನ್ನೋದು ಪ್ರೊಫೈಲಿನ ಬೆಲೆಯೋ, ಪ್ಲಗಿನ್ನಿನ ಹೆಸರೋ? ಪ್ರೊಫೈಲ್ ಫ್ಲಾಗ್ ಬೆಲೆ ಕೇಳುತ್ತೆ ಅನ್ನೋದು ಗೊತ್ತಿಲ್ಲದೆ ಹೇಳಲಿಕ್ಕಾಗಲ್ಲ. ಕುಬ್‌ಸಿಟಿಎಲ್ ಪ್ಲಗಿನ್ ಹೆಸರಿಗಿಂತ ಮುಂಚೆ ಫ್ಲಾಗ್ ಇಡಲಿಕ್ಕೇ ಬಿಡಲ್ಲ. ನೀವು ಬಿಡುತ್ತೀರಾದರೆ ಪ್ರೊಫೈಲನ್ನು ಕಣಜವೇ ಓದಿ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಪ್ಲಗಿನ್ನಿಗೆ ದಾಟಿಸಬೇಕು. ಇನ್ನೊಂದು: ಕಾರ್ಗೋ ತನ್ನ ಪ್ಲಗಿನ್ನಿಗೆ ಸಬ್‌ಕಮಾಂಡಿನ ಹೆಸರನ್ನೂ ಮೊದಲ ಆರ್ಗ್ಯುಮೆಂಟ್ ಆಗಿ ಕೊಡುತ್ತೆ, ಗಿಟ್ ಕೊಡಲ್ಲ. ಯಾವುದಾದರೂ ಸರಿ, ಮೊದಲ ದಿನವೇ ಬರೆದಿಡಿ. ಆಮೇಲೆ ಬದಲಿಸಿದರೆ ಇರುವ ಪ್ಲಗಿನ್‌ಗಳೆಲ್ಲ ಒಟ್ಟಿಗೆ ಕೆಡುತ್ತವೆ.

ಅರಳಿಕಟ್ಟೆ
ಇಷ್ಟೆಲ್ಲ ಕೇಳಿದ ಮೇಲೆ ಎಂಟ್ರಿ ಪಾಯಿಂಟೇ ಸಲೀಸು ಅನ್ನಿಸ್ತಿದೆ. ಪ್ಲಗಿನ್ ಪ್ಯಾಕೇಜು ತನ್ನ ಪೈಪ್ರಾಜೆಕ್ಟ್ ಫೈಲಿನಲ್ಲಿ ‘ಕಣಜ.ಕಮಾಂಡ್ಸ್’ ಗುಂಪಿನಡಿ ಒಂದು ಸಾಲು ಬರೆದರೆ ಮುಗೀತಲ್ಲ?

ಬೆಟ್ಟದಹೂ
ಸಲೀಸು ಹೌದು, ಆದರೆ ಎಲ್ಲರೂ ಎಡವುವ ಜಾಗ ಒಂದಿದೆ. ಪೈಥಾನಿನ ಇಂಪೋರ್ಟ್‌ಲಿಬ್ ಮೆಟಾಡೇಟಾ ಮಾಡ್ಯೂಲಿನಿಂದ ಹೆಸರಿನ ಪಟ್ಟಿ ತರೋದು ಅಗ್ಗ. ಒಂದೊಂದನ್ನೂ ಲೋಡ್ ಮಾಡೋದು ದುಬಾರಿ. ಯಾಕಂದರೆ ಲೋಡ್ ಅಂದರೆ ಇಂಪೋರ್ಟ್. ಒಂದು ಪ್ಲಗಿನ್ ಮೇಲುಗಡೆಯೇ ಪಾಂಡಾಸ್‌ನಂಥ ದೊಡ್ಡ ಲೈಬ್ರರಿ ಇಂಪೋರ್ಟ್ ಮಾಡಿದ್ದರೆ ‘ಕಣಜ --ವರ್ಶನ್’ ಕೂಡ ಅದಕ್ಕಾಗಿ ಕಾಯುತ್ತೆ. ಪೈಥಾನಿನ ‘-ಎಕ್ಸ್ ಇಂಪೋರ್ಟ್‌ಟೈಮ್’ ಹಾಕಿ ಓಡಿಸಿ, ಯಾವ ಮಾಡ್ಯೂಲ್ ಎಷ್ಟು ಮೈಕ್ರೋಸೆಕೆಂಡ್ ತಿಂದಿತು ಅಂತ ಸಾಲುಸಾಲಾಗಿ ತೋರಿಸುತ್ತೆ. ಬಳಕೆದಾರ ಕೇಳಿದ ಹೆಸರನ್ನು ಮಾತ್ರ ಲೋಡ್ ಮಾಡಿ, ಮಿಕ್ಕವನ್ನು ಮುಟ್ಟಬೇಡಿ.

ಲೋಡ್ ಮಾಡುವ ಜಾಗದಲ್ಲಿ ಇಂಪೋರ್ಟ್‌ಎರರ್ ಒಂದನ್ನೇ ಹಿಡಿದರೆ ಸಾಲದು. ಕೆಟ್ಟ ಪ್ಲಗಿನ್ ಕೀಎರರ್ ಎಸೆಯಬಹುದು, ಸಿಂಟ್ಯಾಕ್ಸ್‌ಎರರ್ ಎಸೆಯಬಹುದು. ಎಕ್ಸೆಪ್ಷನ್ ಅಂತ ಅಗಲವಾಗಿ ಹಿಡಿದರೂ ಸಿಸ್ಟಮ್‌ಎಕ್ಸಿಟ್ ತಪ್ಪಿಸಿಕೊಳ್ಳುತ್ತೆ, ಅದು ಎಕ್ಸೆಪ್ಷನ್ ವಂಶದ್ದಲ್ಲ. ಇಂಪೋರ್ಟ್ ಸಮಯದಲ್ಲೇ ಎಕ್ಸಿಟ್ ಕರೆಯುವ ಪ್ಲಗಿನ್ ಬಂದರೆ ಕಣಜ ಸದ್ದಿಲ್ಲದೆ ನಿಂತುಹೋಗುತ್ತೆ. ಎರಡನ್ನೂ ಹಿಡಿದು, ಪ್ಯಾಕೇಜಿನ ಹೆಸರು, ಆವೃತ್ತಿ ಸಮೇತ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ.

ಗುಂಪಿನ ಹೆಸರು ಕೊಟ್ಟು ಎಂಟ್ರಿ ಪಾಯಿಂಟ್ ಕೇಳುವ ರೀತಿ ಪೈಥಾನ್ 3.10ರಿಂದ ಇದೆ, ಡಿಕ್ಷನರಿಯ ಹಾಗೆ ತೆಗೆಯುವ ಹಳೆಯ ರೀತಿ 3.12ರಲ್ಲಿ ಹೋಯಿತು. 3.8, 3.9 ಬೆಂಬಲಿಸುತ್ತೀರಾದರೆ ಹೊಸ ರೀತಿಯನ್ನು ಹಳೆಯ ಪೈಥಾನಿಗೂ ತರುವ ಬ್ಯಾಕ್‌ಪೋರ್ಟ್ ಪ್ಯಾಕೇಜ್ ಬೇಕು.

ಮಲೆನಾಡಿಗ
ಅವಲಂಬನೆಗಳ ಜಗಳವನ್ನೂ ಸೇರಿಸಿ. ಒಂದು ಪ್ಲಗಿನ್ನಿಗೆ ಯಾವುದೋ ಲೈಬ್ರರಿಯ 2ಕ್ಕಿಂತ ಕೆಳಗಿನ ಆವೃತ್ತಿ ಬೇಕು, ಇನ್ನೊಂದಕ್ಕೆ 2 ಅಥವಾ ಮೇಲಿನದು. ಒಂದೇ ಎನ್ವಿರಾನ್‌ಮೆಂಟಿನಲ್ಲಿ ಎರಡೂ ಕೂರಲ್ಲ. ಇದು ಕೋಡ್ ತಿದ್ದಿ ಬಗೆಹರಿಯುವ ಸಮಸ್ಯೆಯೇ ಅಲ್ಲ. ಪ್ರೋಸೆಸ್ ಬೇರೆಯಾದರೆ ಹುಟ್ಟುವುದೇ ಇಲ್ಲ.

ತುಂಗಾತಟ
ಗೋ ಭಾಷೆಯ ಕಡೆಯವರೂ ಒಳಗೆ ಲೋಡ್ ಮಾಡುವ ಹಾದಿ ನೋಡಿದ್ದಾರೆ. 1.8ರಲ್ಲಿ ಬಂದ ಪ್ಲಗಿನ್ ಪ್ಯಾಕೇಜಿಗೆ ಮುಖ್ಯ ಪ್ರೋಗ್ರಾಮು, ಪ್ಲಗಿನ್ನು ಎರಡೂ ಅದೇ ಟೂಲ್‌ಚೈನ್ ಆವೃತ್ತಿಯಲ್ಲಿ ಬಿಲ್ಡ್ ಆಗಿರಬೇಕು, ಹಂಚಿಕೊಂಡ ಅವಲಂಬನೆಗಳೂ ಅವೇ ಇರಬೇಕು. ಒಮ್ಮೆ ಲೋಡ್ ಆದದ್ದನ್ನು ಇಳಿಸಲಿಕ್ಕೂ ಆಗಲ್ಲ, ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಗೋದಲ್ಲೇ ಬರೆದ ಟೆರಾಫಾರ್ಮ್ ಟೂಲಿನ ಪ್ಲಗಿನ್‌ಗಳು, ಅಂದರೆ ಪ್ರೊವೈಡರ್‌ಗಳು, ಬೇರೆ ಪ್ರೋಸೆಸ್ ಆಗಿ ಓಡಿ ಜಿಆರ್‌ಪಿಸಿಯಲ್ಲಿ (ಒಂದು ಪ್ರೋಸೆಸ್ ಇನ್ನೊಂದರ ಫಂಕ್ಷನ್ ಕರೆಯುವ ವ್ಯವಸ್ಥೆ) ಮಾತಾಡುತ್ತವೆ.

ಅರಳಿಕಟ್ಟೆಯವರಿಗೆ ಡಾಕರ್ ಮಾದರಿ ಹೊಂದುತ್ತೆ ಅನ್ನಿಸುತ್ತೆ. ಡಾಕರ್ ಇಡೀ ಪಾತ್ ಜಾಲಾಡಲ್ಲ. ಹೋಮ್ ಡೈರೆಕ್ಟರಿಯ ‘.ಡಾಕರ್/ಸಿಎಲ್ಐ-ಪ್ಲಗಿನ್ಸ್’ ಥರದ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ನೋಡುತ್ತೆ. ಪ್ರತಿ ಪ್ಲಗಿನ್ನೂ ಒಂದು ಮೆಟಾಡೇಟಾ ಸಬ್‌ಕಮಾಂಡಿಗೆ ಜೇಸನ್ ರೂಪದಲ್ಲಿ ಉತ್ತರ ಕೊಡಬೇಕು. ಅದರಲ್ಲಿ ಸ್ಕೀಮಾ ಆವೃತ್ತಿ, ಮಾಡಿದವರ ಹೆಸರು, ಒಂದು ಸಾಲಿನ ವಿವರಣೆ ಇರುತ್ತವೆ. ಆ ಒಂದು ಸಾಲಿನಿಂದಲೇ ಹೆಲ್ಪ್ ಪಟ್ಟಿ ತುಂಬಬಹುದು. ಇದಿಲ್ಲದ ಶುದ್ಧ ಪಾತ್ ಮಾದರಿಯಲ್ಲಿ ಪ್ಲಗಿನ್ ಏನು ಮಾಡುತ್ತೆ ಅಂತ ಹೆಲ್ಪ್‌ನಲ್ಲಿ ತೋರಿಸಲಿಕ್ಕೆ ದಾರಿಯೇ ಇರಲ್ಲ. ಯಾರೋ ಬಿಟ್ಟುಹೋದ ‘ಕಣಜ-ತೂಕ’ ಪಾತ್‌ನ ಯಾವುದೋ ಮೂಲೆಯಿಂದ ಎದ್ದು ಬರುವ ಅಪಾಯವೂ ತಪ್ಪುತ್ತೆ.

ಬೆಟ್ಟದಹೂ
ಆದರೆ ತುಂಗಾತಟ ಅವರೇ, ಇದು ಸಬ್‌ಕಮಾಂಡಿಗೆ ಸರಿ. ಪ್ರತಿ ಸಾಲನ್ನೂ ಪ್ಲಗಿನ್ ತಿದ್ದಬೇಕು ಅಂದರೆ? ಹತ್ತು ಲಕ್ಷ ಸಾಲಿಗೆ ಹತ್ತು ಲಕ್ಷ ಸಲ ಪ್ರೋಸೆಸ್ ಹುಟ್ಟಿಸಲಿಕ್ಕಾಗಲ್ಲ. ಪೈಪ್ ಮೂಲಕ ಒಂದೇ ಪ್ರೋಸೆಸ್ಸಿಗೆ ಕೊಟ್ಟರೂ ಪ್ರತಿ ಸಾಲನ್ನು ಪಠ್ಯ ಮಾಡಿ ಕಳಿಸಿ, ಮತ್ತೆ ಓದಬೇಕು. ಅಲ್ಲಿ ಒಳಗಿನ ಹುಕ್ (ಪ್ಲಗಿನ್ ತನ್ನ ಫಂಕ್ಷನ್ ಸೇರಿಸುವ ಜಾಗ) ಬೇಕೇ ಬೇಕು. ಪೈಟೆಸ್ಟ್ ಕೆಳಗಿರುವ ಪ್ಲಗ್ಗಿ ಲೈಬ್ರರಿಯನ್ನು ನೋಡಿ. ಹುಕ್‌ಗೆ ಐದು ಆರ್ಗ್ಯುಮೆಂಟ್ ಇದ್ದರೂ ಪ್ಲಗಿನ್ ತನಗೆ ಬೇಕಾದ ಎರಡನ್ನಷ್ಟೇ ಹೆಸರಿಸಿ ಬರೆಯಬಹುದು. ಮುಂದೆ ಆರನೆಯದನ್ನು ಸೇರಿಸಿದರೂ ಹಳೆಯ ಪ್ಲಗಿನ್ ಹಾಗೇ ಓಡುತ್ತೆ.

ಅರಳಿಕಟ್ಟೆ
ಸಾಲು ತಿದ್ದುವ ಕೆಲಸ ನಮ್ಮದೇ ತಂಡದ್ದು, ಅದಕ್ಕೆ ಪ್ಲಗ್ಗಿ ಹುಕ್ ಇಟ್ಟುಕೊಳ್ತೀನಿ. ಬೇರೆ ತಂಡಗಳ ಸಬ್‌ಕಮಾಂಡ್‌ಗಳಿಗೆ ಪ್ರತ್ಯೇಕ ಫೋಲ್ಡರ್, ಹೊರಗಿನ ಪ್ರೋಸೆಸ್, ಜೇಸನ್ ಮೆಟಾಡೇಟಾ. ಹೆಲ್ಪ್ ಕೇಳಿದಾಗಲೆಲ್ಲ ಎಲ್ಲ ಪ್ಲಗಿನ್ ಎಬ್ಬಿಸದ ಹಾಗೆ ಉತ್ತರವನ್ನು ಫೈಲಿನ ದಾರಿ, ಗಾತ್ರ, ತಿದ್ದಿದ ಸಮಯ ಮೂರರ ಮೇಲೆ ಕ್ಯಾಶ್ ಮಾಡ್ತೀನಿ. ಒಂದೇ ಹೆಸರಿಗೆ ಇಬ್ಬರು ಬಂದರೆ?

ಕಡಲತೀರ
ನಿಮ್ಮ ಕಮಾಂಡ್ ಯಾವಾಗಲೂ ಗೆಲ್ಲಬೇಕು, ಗಿಟ್‌ನಲ್ಲೂ ಹಾಗೇ. ಇಬ್ಬರು ಹೊರಗಿನವರಾದರೆ ಮೊದಲು ಸಿಕ್ಕಿದ್ದನ್ನು ಓಡಿಸಿ, ಮರೆಯಾದದ್ದನ್ನು ‘ಕಣಜ ಪ್ಲಗಿನ್ ಪಟ್ಟಿ’ಯಲ್ಲಿ ಪೂರ್ತಿ ದಾರಿ ಸಮೇತ ತೋರಿಸಿ. ಕುಬ್‌ಸಿಟಿಎಲ್‌ನ ಪ್ಲಗಿನ್ ಪಟ್ಟಿ ಇಂಥ ಎಚ್ಚರಿಕೆ ಕೊಡುತ್ತೆ.

ಬಿಡುಗಡೆಗೆ ಮುಂಚೆ ಮೂರೇ ಸಾಲಿನ ಶೆಲ್ ಪ್ಲಗಿನ್ ಬರೆದು ಪರೀಕ್ಷಿಸಿ: ಬಂದ ಆರ್ಗ್ಯುಮೆಂಟ್‌ಗಳನ್ನು ಸಾಲಿಗೊಂದರಂತೆ ಪ್ರಿಂಟ್ ಮಾಡಲಿ, 30 ಸೆಕೆಂಡ್ ಮಲಗಲಿ, 3 ಎಂಬ ಕೋಡ್ ಕೊಟ್ಟು ಮುಗಿಯಲಿ. ‘ಜೋಳದ ಲೆಕ್ಕ.ಸಿಎಸ್‌ವಿ’ ಅಂತ ನಡುವೆ ಜಾಗ ಇರುವ ಹೆಸರನ್ನು ಕೋಟ್ ಹಾಕಿ ಕೊಡಿ, ಒಂದೇ ಸಾಲಾಗಿ ಬರಬೇಕು. ಎರಡಾಗಿ ಬಂದರೆ ಎಲ್ಲೋ ಶೆಲ್ ಸ್ಟ್ರಿಂಗ್ ಕಟ್ಟಿದ್ದೀರಿ ಅಂತರ್ಥ. ಸುಮ್ಮನೆ ಕಾದರೆ 3 ಬರಬೇಕು, ಮಲಗಿರುವಾಗ ಕಂಟ್ರೋಲ್-ಸಿ ಒತ್ತಿದರೆ 130 ಬರಬೇಕು, ಪೈಥಾನಿನ ಟ್ರೇಸ್‌ಬ್ಯಾಕ್ ಒಂದು ಸಾಲೂ ಕಾಣಬಾರದು.