ಸಹಾಯ ಬೇಕು: ಮೊಬೈಲ್‌ನಲ್ಲಿ ಮ್ಯಾಪ್ ಟೈಲ್ ಮಸುಕಾಗಿ ಕಾಣುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಕೆರೆ-ಕಾಲುವೆಗಳ ಹಳೇ ನಕ್ಷೆ ಸ್ಕ್ಯಾನ್ ಮಾಡಿ, ಜಿಡಾಲ್ ಎಂಬ ನಕ್ಷೆ ತಂತ್ರಾಂಶದಲ್ಲಿ ಟೈಲ್ (ಚೌಕಾಕಾರದ ಸಣ್ಣ ಚಿತ್ರದ ತುಂಡು) ಕತ್ತರಿಸಿ, ವೆಬ್‌ಪುಟದಲ್ಲಿ ನಕ್ಷೆ ತೋರಿಸುವ ಲೀಫ್‌ಲೆಟ್‌ನಲ್ಲಿ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಕೂರಿಸಿದ್ದೇನೆ. ಜಾಗ ಸರಿಯಾಗಿ ಕೂತಿದೆ. (ಮೊದಲು ಕೆರೆಗಳೇ ಕಾಣಿಸಲಿಲ್ಲ, ಜಿಡಾಲ್ ಟೈಲ್ ಸಂಖ್ಯೆಯನ್ನು ದಕ್ಷಿಣದಿಂದ ಎಣಿಸಿತ್ತು, ಲೀಫ್‌ಲೆಟ್‌ನಲ್ಲೂ ಹಾಗೇ ಎಣಿಸುವ ಟಿಎಮ್ಎಸ್ ಆಯ್ಕೆ ಹಾಕಿದ ಮೇಲೆ ಬಂತು.)

ಝೂಮ್ 12ರಿಂದ 17ರವರೆಗೆ ಮಾತ್ರ ಟೈಲ್ ಇದೆ. ಒಂದು ಹಂತ ಏರಿದರೆ ಟೈಲ್ ನಾಲ್ಕು ಪಟ್ಟು: 12ರ ಒಂದು ಟೈಲಿನ ಜಾಗಕ್ಕೆ 17ರಲ್ಲಿ 1024 ಬೇಕು. ಸ್ಕ್ಯಾನಿನ ಒಂದು ಪಿಕ್ಸೆಲ್ ನೆಲದಲ್ಲಿ ಸುಮಾರು 1 ಮೀಟರ್. ಝೂಮ್ 18ರಲ್ಲಿ ಟೈಲಿನ ಒಂದು ಪಿಕ್ಸೆಲ್ ಸುಮಾರು 0.6 ಮೀಟರ್. ಅಲ್ಲಿಗೂ ಟೈಲ್ ಕತ್ತರಿಸಿದರೆ ಬರೀ ಹಿಗ್ಗಿಸಿದ ಚಿತ್ರ, ಮೆಮೊರಿ ದಂಡ. ಹಾಗಾಗಿ ಮ್ಯಾಕ್ಸ್‌ನೇಟಿವ್‌ಝೂಮ್ (ಟೈಲ್ ಇರುವ ಕೊನೆಯ ಹಂತ ತಿಳಿಸುವ ಸೆಟ್ಟಿಂಗ್) 17 ಇಟ್ಟಿದ್ದೇನೆ.

ತೊಂದರೆ ಇಷ್ಟೇ: ಲ್ಯಾಪ್‌ಟಾಪ್‌ನಲ್ಲಿ ಊರಿನ ಹೆಸರು ಚೆನ್ನಾಗಿ ಓದಬಹುದು, ಪಿಕ್ಸೆಲ್ ದಟ್ಟವಾಗಿರುವ ಹೊಸ ಫೋನ್‌ಗಳಲ್ಲಿ ಒತ್ತಕ್ಷರವೆಲ್ಲ ಕಲಸಿಹೋಗುತ್ತದೆ. 256ರ ಬದಲು 512 ಪಿಕ್ಸೆಲ್ ಟೈಲ್ ಮಾಡಿ ಝೂಮ್‌ಆಫ್‌ಸೆಟ್ -1 (ಒಂದು ಹಂತ ಕೆಳಗಿನ ಟೈಲ್ ತರಿಸುವ ಸೆಟ್ಟಿಂಗ್) ಕೊಡಲೇ, ಅಥವಾ ದಟ್ಟ ಪರದೆ ಕಂಡರೆ ಒಂದು ಹಂತ ಮೇಲಿನ ಟೈಲ್ ಅರ್ಧ ಅಳತೆಯಲ್ಲಿ ತೋರಿಸುವ ಡಿಟೆಕ್ಟ್‌ರೆಟಿನಾ ಸಾಕೇ? ಎರಡನೆಯದರಲ್ಲಿ ಅಕ್ಷರ ಇನ್ನೂ ಸಣ್ಣದಾಗುತ್ತದೆಂಬ ಅನುಮಾನ. ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ. ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಬೇಕಿದ್ದರೆ ಕಾಮೆಂಟ್‌ನಲ್ಲಿ ಹಾಕುತ್ತೇನೆ.