ಬ್ಯಾಪ್ಟಿಸ್ಟ್ ವಿಪತ್ತು ಪರಿಹಾರ ತರಬೇತಿಗೆ ಹೋದವರು ಅನುಭವ ಹೇಳಿ

ಕೇಳಿದವರು, ರಾಲಿ (ಅಮೆರಿಕದ ನಾರ್ತ್ ಕ್ಯಾರೊಲಿನಾ): ನಾವು ಹೋಗುವ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ವಿಪತ್ತು ಪರಿಹಾರ ತರಬೇತಿಗೆ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ನನಗೆ 54 ವರ್ಷ, ಮೊಣಕಾಲು ನೋವಿದೆ. ಅಡುಗೆ, ಮಡ್-ಔಟ್ (ನೆರೆ ನೀರು ಹೊಕ್ಕ ಮನೆ ಶುಚಿ ಮಾಡುವುದು), ಚೈನ್‌ಸಾ (ಯಂತ್ರದ ಗರಗಸದಿಂದ ಮರ ಕಡಿಯುವುದು): ಇದರಲ್ಲಿ ಯಾವುದು ತಗೊಳ್ಳಲಿ?

ಹೂಸ್ಟನ್: ಮಡ್-ಔಟ್ ತಗೊಳ್ಳಿ, ಎರಡನೇ ಯೋಚನೆ ಬೇಡ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ನಮ್ಮ ಮನೆ ಉಳೀತು, ಇಲ್ಲಿನ ಮೆಯರ್‌ಲ್ಯಾಂಡ್ ಬಡಾವಣೆಯಲ್ಲಿದ್ದ ಸ್ನೇಹಿತರದ್ದು ಮುಳುಗಿತು. ಅವತ್ತಿಂದ ಈ ಸ್ವಯಂಸೇವಕರ ಹಳದಿ ಅಂಗಿ ಹಾಕ್ತಿದೀನಿ. ಕಾರ್ಪೆಟ್ ಎಳೆದು, ನೀರಿನ ಗುರುತಿಗಿಂತ ಮೇಲೆ ಶೀಟ್‌ರಾಕ್ (ಗೋಡೆಯ ಜಿಪ್ಸಂ ಹಲಗೆ) ಕತ್ತರಿಸಿ, ಒಳಗಿನ ಒದ್ದೆ ಇನ್ಸುಲೇಶನ್ ಪದರ ಕಿತ್ತು, ಸ್ಟಡ್ (ಗೋಡೆಯೊಳಗಿನ ಮರದ ಕಂಬ) ತೊಳೆದು, ಬೂಷ್ಟಿನ ಔಷಧಿ ಹೊಡೀಬೇಕು. ಒಣಗಲು ಬಿಡದೆ ಗೋಡೆ ಮುಚ್ಚಿದರೆ ಬೂಷ್ಟು ಒಳಗೇ ಬೆಳೆಯತ್ತೆ. ಒಬ್ಬ ಕಂಟ್ರಾಕ್ಟರ್ ಹಾಗೇ ಮುಚ್ಚಿ ದುಡ್ಡು ತಗೊಂಡು ಹೋಗಿದ್ದ. ಮನೆಯ ಅಜ್ಜಿ ಎದುರಿಗೇ ಹೊಸ ಗೋಡೆ ಒಡೆದೆವು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಖರ್ಚು: ರಬ್ಬರ್ ಬೂಟು 85 ಡಾಲರ್. ಮೊಳೆ ಅಟ್ಟೆ ತೂರಿ ಪಾದಕ್ಕೆ ಬಂತು. ಟೆಟನಸ್ ಇಂಜೆಕ್ಷನ್‌ಗೆ 140, ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ. ಆಮೇಲೆ ಸ್ಟೀಲ್ ಒಳಅಟ್ಟೆ 22. ಮಾಸ್ಕ್ ಹಾಕಿಯೂ ಕ್ರಿಸ್ಮಸ್‌ವರೆಗೆ ಕೆಮ್ಮು.

ಡಲ್ಲಾಸ್ (ಊರು ಬೀದರ್): ಗ್ವಾಡಿ ಕೆಡವೋರಿಗಿ ತಮ್ದಷ್ಟೇ ಸೇವಾ ಅನಸ್ತದ. ಈ ಕೆಲಸ ಸುರು ಆಗಿದ್ದೇ ಒಲಿ ಮ್ಯಾಲ. 1967ರಾಗ ಬ್ಯೂಲಾ ಚಂಡಮಾರುತ ದಕ್ಷಿಣ ಟೆಕ್ಸಾಸಿಗಿ ಬಡದಾಗ ಇಲ್ಲಿನ ಬ್ಯಾಪ್ಟಿಸ್ಟ್ ಮಂದಿ ಡಬ್ಬಿ ಒಲಿ ಹಚ್ಚಿ ಬಿಸಿ ಊಟ ಕೊಟ್ರು. ಈಗ ಟ್ರೇಲರ್ ಅಡುಗಿಮನಿ, ದಿನಕ್ಕ ಸಾವಿರಗಟ್ಟಲೆ ಊಟ. ನಾವು ಬೇಯಸ್ತೀವಿ, ರೆಡ್ ಕ್ರಾಸ್ ಗಾಡಿ ಹಂಚತಾವ. ಊಟ ಬಿಸಿ ಇಡೋ ಕ್ಯಾಂಬ್ರೋ ಪೆಟ್ಟಿಗಿಗಿ ತುಂಬೋ ಮುಂಚೆ ಥರ್ಮಾಮೀಟರ್ ಚುಚ್ಚಬೇಕು, 140 ಡಿಗ್ರಿ ಫ್ಯಾರನ್‌ಹೀಟ್‌ಕ್ಕಿಂತ ಕಮ್ಮಿ ಇದ್ರ ಹೊರಗ ಹೋಗಂಗಿಲ್ಲ. ನಸುಕಿನ್ಯಾಗ ಏಳೋದು, ಚರ್ಚಿನ ನೆಲದ ಮ್ಯಾಲ ಮಲಗೋದು. ಟಿಲ್ಟ್ ಸ್ಕಿಲೆಟ್ (ಬಾಗಸೋ ದೊಡ್ಡ ಬಾಣಲಿ) ಹಬಿಗಿ ನನ್ನ ಮುಂಗೈ ಸುಟ್ಟು ಕಲಿ ಉಳದದ. ರಜಾ ಮುಗದು ಎರಡು ವಾರದ ಪಗಾರ ಹೋಯ್ತು. ಆದ್ರೂ ಕರದ್ರ ನಾಳೇ ಹೋಗ್ತೀನಿ.

ಶಾರ್ಲಟ್ (ಊರು ಮಂಗಳೂರು): ರಸ್ತೆಯೇ ಇಲ್ಲದಿದ್ದರೆ ನಿಮ್ಮ ಊಟದ ಗಾಡಿ ಹೋಗುವುದು ಎಲ್ಲಿಂದ ಮಾರಾಯ್ರೆ? 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದ ಮೇಲೆ ನಮ್ಮ ರಾಜ್ಯದ ಗುಡ್ಡಗಾಡಿನ ಸ್ವಾನನೋವಾ ಕಡೆ ಹೋದವಳು ನಾನು. ಮರ ಕಡಿಯದೆ ಮನೆ ಬಾಗಿಲಿಗೂ ಹೋಗಲಿಕ್ಕಾಗುತ್ತಿರಲಿಲ್ಲ. ಚಾಪ್ಸ್ (ಗರಗಸ ತಾಗದಂತೆ ಕಾಲಿಗೆ ಕಟ್ಟುವ ಕವಚ) 110 ಡಾಲರ್, ಹೆಲ್ಮೆಟ್ 75, ಬೂಟು 190, ಚೈನು ಅರೆದು ಅರೆದು ಮುಗಿದದ್ದು ಬೇರೆ. ಬಾಗಿ ಬಿಗಿಯಾಗಿ ನಿಂತ ಎಳೆ ಮರಕ್ಕೆ ಸ್ಪ್ರಿಂಗ್ ಪೋಲ್ ಅಂತಾರೆ. ಅದನ್ನು ಒಂದೇ ಏಟಿಗೆ ಕಡಿದರೆ ಚಿಮ್ಮಿ ದವಡೆ ಮುರಿಯುತ್ತದೆ. ತರಬೇತಿಯಿಲ್ಲದೆ ಗರಗಸ ಹಿಡಿದುಕೊಂಡು ಬಂದ ಒಬ್ಬನನ್ನು ನಾವೇ ಆಸ್ಪತ್ರೆಗೆ ಸಾಗಿಸಿದೆವು. ಆ ದಿನ ಒಂದು ಮನೆಯ ಕೆಲಸವೂ ಆಗಲಿಲ್ಲ. ಅದಕ್ಕೇ ಹೇಳುವುದು, ಕಲಿಯದೆ ಬರಬೇಡಿ.

ನ್ಯೂಜೆರ್ಸಿ: ಕೆಲಸ ಮುಗಿಸಿ ಮನೆಯವರ ಕೈಗೆ ಬೈಬಲ್ ಕೊಟ್ಟು ಬರ್ತೀರಲ್ಲ, ಅದನ್ನೂ ಹೇಳಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾನು ರಜೆಗೆ ಊರಲ್ಲಿದ್ದೆ, ಮಡಿಕೇರಿಯ ಶಿಬಿರಕ್ಕೆ ಅಕ್ಕಿ ಮೂಟೆ ಹೊತ್ತೆ. ಯಾರ ಕೈಗೂ ಯಾವ ಪುಸ್ತಕವನ್ನೂ ಇಡಲಿಲ್ಲ.

ಹೂಸ್ಟನ್: ಕೊಡ್ತೀವಿ, ತಂಡದವರೆಲ್ಲ ಸಹಿ ಹಾಕಿ ಕೊಡ್ತೀವಿ. ಬೇಡ ಅಂದ ಮನೆಯಲ್ಲೂ ಅಷ್ಟೇ ಗೋಡೆ ಕಿತ್ತಿದೀವಿ, ಅಷ್ಟೇ ಕೆಸರು ಹೊತ್ತಿದೀವಿ. ಯಾರ ಹತ್ತಿರವೂ ದುಡ್ಡು ತಗೊಂಡಿಲ್ಲ. ನೀವು ಅಕ್ಕಿ ಹೊತ್ತಿದ್ದಕ್ಕೆ ಕೈಮುಗೀತೀನಿ, ನನ್ನ ನಂಬಿಕೆಯನ್ನ ಲಂಚ ಅನ್ನಬೇಡಿ.

ನ್ಯೂಜೆರ್ಸಿ: ಲಂಚ ಅಂತ ನಾನು ಬರೆದೇ ಇಲ್ಲ. ಮನೆ ಕಳಕೊಂಡವನಿಗೆ ಬೇಡ ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ಅಷ್ಟೇ ನನ್ನ ಪ್ರಶ್ನೆ.

ಡಲ್ಲಾಸ್: ನನಗಿ ಸಿಟ್ಟು ಬರೋದು ತಾಸಿನ ಲೆಕ್ಕಕ್ಕ. ದಿನಾ ಸಂಜಿಗಿ ಎಷ್ಟು ತಾಸು ದುಡದ್ವಿ ಅಂತ ಬರದು ಸಹಿ ಮಾಡಬೇಕು. ದೇವರ ಸೇವಾಕ್ಕ ಹಾಜರಿ ಯಾಕ್ರೀ?

ಶಾರ್ಲಟ್: ಅದನ್ನು ಬಿಡಬೇಡಿ! ಫೆಮಾ (ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ) ಸಾಮಾನ್ಯವಾಗಿ ಖರ್ಚಿನ 75 ಶೇಕಡಾ ಕೊಡುತ್ತದೆ. ಉಳಿದದ್ದು ರಾಜ್ಯ, ಕೌಂಟಿಯ (ಇಲ್ಲಿನ ಜಿಲ್ಲೆ) ತಲೆ ಮೇಲೆ. ಸ್ವಯಂಸೇವಕರು ದುಡಿದ ಗಂಟೆಗಳನ್ನು ಆ ಪಾಲಿಗೆ ಜಮಾ ಮಾಡಲಿಕ್ಕೆ ಅವಕಾಶ ಉಂಟು. ಮುಳುಗಿದ ಕೌಂಟಿಗೆ ನಿಮ್ಮ ಸಹಿಯೂ ಸಹಾಯವೇ.

ಡಲ್ಲಾಸ್: ಸರ್ಕಾರದ ಖಾತೆಗಿ ನನ್ನ ಬೆವರು ಬರಸಾಕ ನಾ ಹೋಗಿಲ್ಲ ಬಿಡ್ರಿ.

ಕೇಳಿದವರು, ರಾಲಿ: ನನ್ನ ಮೊಣಕಾಲಿನ ಬಗ್ಗೆ ಯಾರಾದರೂ...

ಶಾರ್ಲಟ್: ಶವರ್-ಲಾಂಡ್ರಿ ಯುನಿಟ್ (ಸ್ನಾನ, ಬಟ್ಟೆ ಒಗೆಯುವ ವ್ಯವಸ್ಥೆ ನೋಡುವ ತಂಡ) ಕೇಳಿ. ಬಗ್ಗುವ ಕೆಲಸ ಕಡಿಮೆ. ಬ್ಯಾಕ್‌ಗ್ರೌಂಡ್ ಚೆಕ್‌ನ ಫಾರ್ಮು ಇವತ್ತೇ ತುಂಬಿ, ನನ್ನದು ತಡವಾಗಿ ಬಂದು ಒಂದು ತಂಡ ತಪ್ಪಿಹೋಯಿತು.

ಹೂಸ್ಟನ್: ಮಡ್-ಔಟ್‌ನಲ್ಲೂ ಕೂತು ಮಾಡೋ ಕೆಲಸ ಇದೆ. ಮನೆಯವರ ಫೋಟೋ ಆಲ್ಬಮ್ ತೊಳೆದು ಒಣಗಿಸೋದು, ಅವರ ಜೊತೆ ಮಾತಾಡೋದು.

ಡಲ್ಲಾಸ್: ತರಕಾರಿ ಹೆಚ್ಚೋದೂ ಕುಂತೇ ಮಾಡ್ತಾರ.