ಪಾಚಿಯ ಕಂದು ಕಡ್ಡಿ ಪಾಚಿಯದ್ದೇನಾ? ಜರಿಗಿಡದ ಗ್ಯಾಮಿಟೋಫೈಟ್ ಎಲ್ಲಿ ಸಿಗುತ್ತೆ?

ಪ್ರಶ್ನೆ (ಸಾಗರದ ಅಕ್ಕ): ತಮ್ಮ ಮೊದಲ ಪಿಯುಸಿ. "ಮಾಸ್‌ನಲ್ಲಿ ಗ್ಯಾಮಿಟೋಫೈಟ್ ಪ್ರಧಾನ, ಫರ್ನ್‌ನಲ್ಲಿ ಸ್ಪೋರೋಫೈಟ್ ಪ್ರಧಾನ" ಅಂತ ಉರು ಹೊಡೆದಿದ್ದಾನೆ (ಮಾಸ್ ಅಂದ್ರೆ ಪಾಚಿ, ಫರ್ನ್ ಅಂದ್ರೆ ಜರಿಗಿಡ; ಗ್ಯಾಮಿಟೋಫೈಟ್ ಮೊಟ್ಟೆ, ವೀರ್ಯಾಣು ಮಾಡೋ ಪೀಳಿಗೆ, ಸ್ಪೋರೋಫೈಟ್ ಬೀಜಾಣು ಮಾಡೋ ಪೀಳಿಗೆ). ಬಾವಿಕಟ್ಟೆ ಮೇಲಿನ ಪಾಚಿಯಿಂದ ಕಂದು ಕಡ್ಡಿಗಳು ಎದ್ದಿವೆಯಲ್ಲ, ಅವು ಯಾವುದು ಅಂದ್ರೆ ಬಾಯಿಲ್ಲ. ಜರಿಗಿಡದ ಗ್ಯಾಮಿಟೋಫೈಟನ್ನಂತೂ ನಾವಿಬ್ಬರೂ ಕಂಡಿಲ್ಲ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು: ಕಡ್ಡಿ ಮುಂದಿನ ಪೀಳಿಗೆಯಮ್ಮ, ಸ್ಪೋರೋಫೈಟ್. ಹಸಿರು ಪಾಚಿಗೆ ಕ್ರೋಮೋಸೋಮು ಒಂದೇ ಸೆಟ್, ಕಡ್ಡಿಗೆ ಎರಡು. ಬುಡ ತಾಯಿಯೊಳಗೇ ಹೂತಿರುತ್ತೆ. ಎಳೆಯದಿದ್ದಾಗ ಹಸಿರಾಗಿದ್ದು ಸ್ವಲ್ಪ ಆಹಾರ ತಾನೂ ಮಾಡಿಕೊಳ್ಳುತ್ತೆ, ಆದರೂ ತಾಯಿಯನ್ನು ಬಿಟ್ಟು ಬದುಕಲ್ಲ. ನನಗೆ ಯಾವತ್ತೂ ಮಜಾ ಅನಿಸೋದು ತುದಿಯ ಟೊಪ್ಪಿ, ಅದು ಮಾತ್ರ ತಾಯಿಯದ್ದು! ಮೊಟ್ಟೆಯಿದ್ದ ಹೆಣ್ಣು ಅಂಗ, ಆರ್ಕೆಗೋನಿಯಂ, ಹರಿದು ಉಳಿದ ಚೂರು. ಟೊಪ್ಪಿ, ಅದರಡಿಯ ಮುಚ್ಚಳ ಎರಡನ್ನೂ ಸೂಜಿಯಿಂದ ಎಬ್ಬಿಸಿ ಲೆನ್ಸ್ ಹಿಡಿಯಲಿ. ಫ್ಯೂನೇರಿಯಾ ಅನ್ನೋ ಪಾಚಿ ಆಗಿದ್ದರೆ ಬಾಯಿ ಸುತ್ತ ಎರಡು ಸಾಲು ಹಲ್ಲು, ಸಾಲಿಗೆ 16. ಮೆಲ್ಲಗೆ ಉಸಿರು ಊದಿದರೆ ತೇವಕ್ಕೆ ಹಲ್ಲು ಅಲ್ಲಾಡುತ್ತೆ. ಬೀಜಾಣು ಹೊರಬಿಡೋ ಲೆಕ್ಕಾಚಾರವೆಲ್ಲ ಅಲ್ಲೇ.

ಜರಿಗಿಡದ್ದು ಬೇಕಾದರೆ ಮಳೆಗಾಲದಲ್ಲಿ ತೋಟದ ಅಗಳಿನ ಬದಿ, ನೆರಳಿನ ಹಸಿ ಮಣ್ಣಿಗೆ ಕಣ್ಣು ತಾಗಿಸಿ. ಪುಟ್ಟ ವೀಳ್ಯದೆಲೆ ಹಾಗೆ, ಅಗಲ ಕೆಲವೇ ಮಿಲಿಮೀಟರು. ಅದೇ ಪ್ರೋಥಾಲಸ್, ಜರಿಗಿಡದ ಗ್ಯಾಮಿಟೋಫೈಟ್. ತಿರುಗಿಸಿದರೆ ಬೇರಿನಂಥ ಎಳೆಗಳ ನಡುವೆ ವೀರ್ಯಾಣು ಮಾಡೋ ಆಂಥೆರಿಡಿಯಂ, ಮೇಲಿನ ಸೀಳಿನ ಹತ್ತಿರ ಆರ್ಕೆಗೋನಿಯಂ. ವೀರ್ಯಾಣು ಈಜಿಯೇ ಹೋಗಬೇಕು, ಅದಕ್ಕೇ ತೇವ.

ಮಡಿಕೇರಿಯವ: ಸರ್, ನಾವು ಪಲ್ಯ ಮಾಡೋ ತೆರ್ಮೆ ಜರಿಗಿಡದ ಚಿಗುರಿನಲ್ಲಿ ಎಲೆಯಡಿಯ ಬೀಜಾಣು ಚುಕ್ಕೆನೇ ಇರಲ್ಲವಲ್ಲ?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು: ಸುರುಳಿ ಚಿಗುರಲ್ಲಿ ಎಲ್ಲಿಂದ ಬರಬೇಕು ಮಾರಾಯ್ರೇ, ಎಲೆ ಬಲಿಯಬೇಕು. ಅದರಲ್ಲಿ ದುಂಡು ಚುಕ್ಕೆಯೂ ಅಲ್ಲ, ನರದ ಉದ್ದಕ್ಕೂ ಗೆರೆಗೆರೆ ಸೋರಸ್, ಅಂದರೆ ಬೀಜಾಣು ಚೀಲಗಳ ಗುಂಪು.

ಸಾಗರದ ಅಕ್ಕ: ಪ್ರೋಥಾಲಸ್ ಮನೆಯಲ್ಲೇ ಬೆಳೆಸಬಹುದಾ ಸರ್?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು: ಧಾರಾಳವಾಗಿ. ಸೋರಸ್ ಕಂದಾದ ಎಲೆಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಒಂದೆರಡು ದಿನ ಬಿಡಿ, ಬೀಜಾಣು ಪುಡಿ ಉದುರುತ್ತೆ. ಇಟ್ಟಿಗೆ ಚೂರಿಗೆ ಕುದಿನೀರು ಹೊಯ್ದು, ಆರಿದ ಮೇಲೆ ಪುಡಿ ಉದುರಿಸಿ ಗಾಜಿನ ಬಟ್ಟಲು ಮುಚ್ಚಿಡಿ. ಕುದಿನೀರು ತಪ್ಪಿಸಬೇಡಿ, ಇಲ್ಲದಿದ್ದರೆ ಬೂಷ್ಟು ಮೊದಲು ಬರುತ್ತೆ. ಬಿಸಿಲಿಗೆ ಇಡಬೇಡಿ.